ಇಂಗ್ಲಿಷ್ ಪುಸ್ತಕದಿಂದ ಅನುವಾದಿಸಿ ಬರೆದರೂ ಕೃತಿಚೌರ್ಯವೇ?

ಹೌದು, ಮೂಲ ಹೇಳದಿದ್ದರೆ ಅದೂ ಕೃತಿಚೌರ್ಯವೇ. ಎಂ.ಎ. ಕಿರುಪ್ರಬಂಧಕ್ಕೆ ಇಂಗ್ಲಿಷ್ ಪುಸ್ತಕಗಳ ಪ್ಯಾರಾಗಳನ್ನು ಕನ್ನಡಕ್ಕೆ ತಂದು ಹಾಕಿದ್ದೀರಿ, ಕೃತಿಚೌರ್ಯ ಪತ್ತೆಹಚ್ಚುವ ಸಾಫ್ಟ್‌ವೇರ್ ತಪಾಸಣೆಯಲ್ಲಿ ಹೋಲಿಕೆಯ ಶೇಕಡಾವಾರು ತೀರಾ ಕಡಿಮೆ ಬಂದಿದೆ, ಇನ್ನೇನು ತೊಂದರೆ ಎಂದು ಕೇಳಿದ್ದೀರಿ. ಸಾಫ್ಟ್‌ವೇರ್ ಮುಖ್ಯವಾಗಿ ಪದಗಳ ಸಾಲನ್ನು ಹೋಲಿಸುತ್ತದೆ. ಭಾಷೆ ಬದಲಾದರೆ ಅದರ ಕಣ್ಣು ತಪ್ಪುವುದು ಸುಲಭ. ಮೇಲಾಗಿ ಕನ್ನಡದ ಎಷ್ಟೋ ಹಳೆಯ ಪುಸ್ತಕಗಳು ಅಂತರ್ಜಾಲದಲ್ಲಿ ಇಲ್ಲವೇ ಇಲ್ಲ, ಇದ್ದರೂ ಬರೀ ಸ್ಕ್ಯಾನ್ ಪುಟಗಳು. ಕನ್ನಡ ಪ್ರಬಂಧದ ಮಟ್ಟಿಗೆ ಆ ಅಂಕಿಯನ್ನು ನಾನಂತೂ ನಂಬುವುದಿಲ್ಲ.

ಯುಜಿಸಿಯ (ವಿಶ್ವವಿದ್ಯಾಲಯ ಧನಸಹಾಯ ಆಯೋಗದ) 2018ರ ನಿಯಮಾವಳಿಯ ಪ್ರಕಾರ ಇನ್ನೊಬ್ಬರ ಕೃತಿಯನ್ನಷ್ಟೇ ಅಲ್ಲ, ವಿಚಾರವನ್ನು ತನ್ನದೆಂದು ತೋರಿಸಿಕೊಂಡರೂ ಅದು ಕೃತಿಚೌರ್ಯ. ಹೋಲಿಕೆ ಶೇ. 10ರವರೆಗೆ ಇದ್ದರೆ ದಂಡನೆಯಿಲ್ಲ. 40ರವರೆಗೆ ಇದ್ದರೆ ಆರು ತಿಂಗಳೊಳಗೆ ತಿದ್ದಿ ಕೊಡಬೇಕು. 60ರವರೆಗೆ ಇದ್ದರೆ ಒಂದು ವರ್ಷ ಸಲ್ಲಿಸುವಂತಿಲ್ಲ. ಅದನ್ನೂ ಮೀರಿದರೆ ನೋಂದಣಿಯೇ ರದ್ದು. ಇದನ್ನು ಓದಿ 'ಶೇಕಡಾ ಹತ್ತರಷ್ಟು ಎತ್ತಿಕೊಳ್ಳಬಹುದು' ಎಂದು ತಿಳಿದುಕೊಂಡ ವಿದ್ಯಾರ್ಥಿಗಳನ್ನು ಕಂಡಾಗ ಬೇಸರವಾಗುತ್ತದೆ.

ನಿಜವಾದ ಎಚ್ಚರ ಬೇಕಾಗುವುದು ಟಿಪ್ಪಣಿ ಮಾಡಿಕೊಳ್ಳುವಾಗ. ಲೇಖಕರ ಮಾತನ್ನು ಇದ್ದಂತೆ ಬರೆದುಕೊಂಡರೆ ಆಗಲೇ ಉದ್ಧರಣ ಚಿಹ್ನೆ ಹಾಕಿ, ಪಕ್ಕದಲ್ಲೇ ಪುಟಸಂಖ್ಯೆ ಬರೆಯಿರಿ. ಸಾರಾಂಶ ಬರೆಯುವುದಾದರೆ ಪುಸ್ತಕ ಮುಚ್ಚಿಟ್ಟು ಬರೆಯಿರಿ. ಅದಕ್ಕೂ ಪುಟಸಂಖ್ಯೆ ಬೇಕು. ನಿಮಗೇ ಹೊಳೆದದ್ದನ್ನು ಬೇರೆ ಬಣ್ಣದ ಶಾಯಿಯಲ್ಲಿ ಬರೆದುಕೊಳ್ಳಿ. ಈ ಮೂರೂ ಕಲೆತುಹೋದರೆ ನಾಲ್ಕು ತಿಂಗಳ ಮೇಲೆ ಯಾವುದು ಯಾರದೆಂದು ನಿಮಗೂ ತಿಳಿಯದು.

ನಮ್ಮ ಕನ್ನಡ ಅಧ್ಯಯನದಲ್ಲಿ ತಪಾಸಣೆಗೆ ಸಿಗದ ಇನ್ನೊಂದು ಕಳ್ಳತನವಿದೆ: ಅಡಿಟಿಪ್ಪಣಿಯನ್ನೇ ಎತ್ತಿಕೊಳ್ಳುವುದು. ಶಾಸನದ ಸಾಲು ಸಿಕ್ಕಿದ್ದು ಯಾವುದೋ ವಿಮರ್ಶಾ ಗ್ರಂಥದಲ್ಲಿ, ಆದರೆ ಪ್ರಬಂಧದಲ್ಲಿ ಶಾಸನಗಳ ಪಾಠಗಳನ್ನು ಸಂಗ್ರಹಿಸಿರುವ 'ಎಪಿಗ್ರಾಫಿಯಾ ಕರ್ನಾಟಿಕಾ' ಸಂಪುಟವನ್ನು ತಾವೇ ತೆರೆದು ನೋಡಿದಂತೆ ಹೆಸರಿಸುತ್ತಾರೆ. ಆ ವಿಮರ್ಶಕರು ಶಾಸನದ ಪಾಠವನ್ನು ತಪ್ಪಾಗಿ ಓದಿದ್ದರೆ ತಪ್ಪೂ ಜೊತೆಗೇ ಬರುತ್ತದೆ. ಸಂಪುಟ ಗ್ರಂಥಾಲಯದಲ್ಲಿದ್ದರೆ ಹೋಗಿ ನೋಡಿ. ಸಿಗದಿದ್ದರೆ ಇಂಥವರ ಪುಸ್ತಕದಲ್ಲಿ ಉಲ್ಲೇಖಿತ ಎಂದು ಬರೆಯಿರಿ. ಅದರಲ್ಲಿ ಅವಮಾನವೇನಿಲ್ಲ.

ಕ್ಷೇತ್ರಕಾರ್ಯ ಮಾಡಿದ್ದರೆ ಹಾಡು ಹೇಳಿಕೊಟ್ಟವರ ಒಪ್ಪಿಗೆ ಪಡೆದು ಅವರ ಹೆಸರು, ಊರು, ತಾರೀಖು ಕೊಡಿ. 'ಜನಪದರು ಹಾಡುತ್ತಾರೆ' ಎಂದು ಬರೆದು ಮುಗಿಸಿದರೆ ಹಾಡು ಹೇಳಿಕೊಟ್ಟ ಅಜ್ಜಿಗೆ ಸಲ್ಲಬೇಕಾದದ್ದು ಸಲ್ಲುವುದಿಲ್ಲ.

ಸದ್ಯಕ್ಕೆ ನೀವು ಮಾಡಬೇಕಾದದ್ದು ಇಷ್ಟು. ಅನುವಾದಿಸಿದ ಪ್ಯಾರಾಗಳನ್ನೆಲ್ಲ ಗುರುತು ಹಾಕಿ. ಲೇಖಕರ ಮಾತೇ ಮುಖ್ಯ ಅನ್ನಿಸಿದಲ್ಲಿ ಉದ್ಧರಣವಾಗಿ ಉಳಿಸಿಕೊಂಡು ಮೂಲ, ಪುಟ, 'ಅನುವಾದ ನನ್ನದು' ಎಂದು ಸೇರಿಸಿ. ಉಳಿದವನ್ನು ತೆಗೆದು, ಆ ವಾದ ನಿಮಗೆ ಒಪ್ಪಿಗೆಯೇ, ಏಕೆ ಎಂಬುದನ್ನು ಬರೆಯಿರಿ. ಪುಟಗಳು ಕಡಿಮೆಯಾಗುತ್ತವೆ, ಆಗಲಿ. ಸಲ್ಲಿಸುವ ಮೊದಲು ಮಾರ್ಗದರ್ಶಕರಿಗೂ ವಿಷಯ ತಿಳಿಸಿ, ಸಮಯ ಬೇಕಿದ್ದರೆ ಈಗಲೇ ಕೇಳಿ.