ಮಾತ್ರೆ ಜಾಸ್ತಿಯಾಯಿತು, ಬಿಪಿ ಇಳಿಯಲಿಲ್ಲ

ಬಿಪಿ ಇಳಿಯುತ್ತಲೇ ಇಲ್ಲ ಎಂದು ಡಾಕ್ಟರು ನನ್ನ ಬಳಿ ಕಳಿಸುವವರಲ್ಲಿ ಬಹಳಷ್ಟು ಜನರ ಕಾಯಿಲೆ ಹಟಮಾರಿಯಲ್ಲ. ಮಾತ್ರೆ ಹೊಟ್ಟೆಗೆ ಹೋಗಿರುವುದಿಲ್ಲ, ಅಷ್ಟೇ. ಯಾಕೆ ಹೋಗಿಲ್ಲ ಅನ್ನುವುದು ಮಾತ್ರ ಒಬ್ಬೊಬ್ಬರದು ಒಂದೊಂದು ಕಥೆ. ನಾನು ಆಸ್ಪತ್ರೆಯೊಂದರಲ್ಲಿ ಕ್ಲಿನಿಕಲ್ ಫಾರ್ಮಸಿಸ್ಟ್. ಮಾತ್ರೆಗಳ ಬಗ್ಗೆ ರೋಗಿಗಳ ಜೊತೆ ಕೂತು ಮಾತಾಡುವುದೇ ನನ್ನ ಕೆಲಸ. ಇಲ್ಲಿ ಹೇಳುವಂಥ ಪ್ರಕರಣ ಮತ್ತೆ ಮತ್ತೆ ಬರುತ್ತದೆ, ಅದಕ್ಕೇ ಬರೆಯುತ್ತಿದ್ದೇನೆ. ಹೆಸರು, ಗುರುತು ಬದಲಿಸಿದ್ದೇನೆ.

ಗೌರಮ್ಮನವರಿಗೆ ಅರವತ್ತರ ಹತ್ತಿರ. ಮೈಸೂರು ಕಡೆಯ ಮಾರ್ಕೆಟ್ಟಿನಲ್ಲಿ ಹೂವಿನ ವ್ಯಾಪಾರ. ಬಿಪಿಗೆ ಮೊದಲು ಆಮ್ಲೋಡಿಪಿನ್ ಎಂಬ ಮಾತ್ರೆ, 5 ಮಿಲಿಗ್ರಾಂ, ಒಂದೇ ಇತ್ತು. ಮದುವೆ ಸೀಸನ್ನಿನಲ್ಲಿ ಮಾತ್ರೆ ತಪ್ಪಿ ಬಿಪಿ ಏರಿತು, ಡೋಸ್ 10 ಆಯಿತು. ಆಮೇಲೆ ಪಾದ ಊದಿಕೊಂಡಿತು. ಮನೆ ಹತ್ತಿರದ ಕ್ಲಿನಿಕ್ಕಿಗೆ ಹೋದರು, ಅಲ್ಲಿ ಫ್ಯೂರೋಸೆಮೈಡ್, ಅಂದರೆ ಮೈಯ ನೀರನ್ನು ಮೂತ್ರದಲ್ಲಿ ಹೊರಹಾಕುವ ನೀರಿನ ಮಾತ್ರೆ, ಸೇರಿತು. ಬಿಪಿ ಇನ್ನೂ ಏರಿತು. ನಮ್ಮಲ್ಲಿ ಇನ್ನೊಂದು ಬಿಪಿ ಮಾತ್ರೆ, ಟೆಲ್ಮಿಸಾರ್ಟಾನ್ 40, ಸೇರಿಸಿದರು. ಮೂರು ಮಾತ್ರೆಯ ಮೇಲೂ ಬಿಪಿ 172/100.

ಜೊತೆಗೆ ಮಗ ಬಂದಿದ್ದ. ನಾನು ಬಾಯಿ ತೆಗೆಯುವ ಮೊದಲೇ, "ದಿನಾ ತಗೋತಾರೆ ಮೇಡಂ, ನಾನೇ ತಂದುಕೊಡೋದು" ಅಂದ. ಗೌರಮ್ಮ ತಲೆ ಆಡಿಸಿದರು. ಮಾತ್ರೆ ತೋರಿಸಿ ಅಂದೆ. ಸೆರಗಿನ ಒಳಗಿಂದ ಒಂದು ಪ್ಲಾಸ್ಟಿಕ್ ಕವರ್ ಬಂತು. ಟೇಬಲ್ ಮೇಲೆ ಸುರಿದೆ. ಕತ್ತರಿಸಿದ ಸ್ಟ್ರಿಪ್‌ಗಳು. ಐದರದ್ದು, ಆರರದ್ದು, ಮೂರರದ್ದು. ಅಂಗಡಿಯವರು ಕೇಳಿದಷ್ಟು ಕತ್ತರಿಸಿ ಕೊಟ್ಟಿದ್ದಾರೆ, ಹೆಸರು, ಎಕ್ಸ್‌ಪೈರಿ ಇರುವ ತುದಿ ಅಂಗಡಿಯಲ್ಲೇ ಉಳಿದಿದೆ. ಒಂದು ತುಂಡಿನಲ್ಲಿ "...ಸಾರ್ಟಾ" ಅಷ್ಟೇ ಓದಲು ಬರುತ್ತಿತ್ತು. ಮೂರೂ ಮಾತ್ರೆ ಬಿಳಿ, ಮೂರೂ ಹೆಚ್ಚುಕಡಿಮೆ ಒಂದೇ ಗಾತ್ರ. ತಂದ ತಾರೀಕು ಕೇಳಿ ಎಣಿಸಿದೆ. ಅರ್ಧಕ್ಕಿಂತ ಜಾಸ್ತಿ ಹಾಗೇ ಇತ್ತು.

ಮಗನನ್ನು ಬಿಲ್ ಕಟ್ಟಿ ಬಾಪ್ಪಾ ಎಂದು ಕೌಂಟರಿಗೆ ಕಳಿಸಿದೆ. "ಯಾಕಮ್ಮಾ ತಗೊಂಡಿಲ್ಲ?" ಎಂದು ಕೇಳಲಿಲ್ಲ. ಹಾಗೆ ಕೇಳಿದರೆ ಬರುವ ಉತ್ತರ ಒಂದೇ, "ಮರೆತೋಯ್ತು". ಬದಲಿಗೆ, "ಬೆಳಗ್ಗೆ ಎದ್ದಾಗಿಂದ ಮಧ್ಯಾಹ್ನದ ತನಕ ಏನೇನು ಮಾಡ್ತೀರಿ, ಹೇಳಿ ನೋಡೋಣ" ಅಂದೆ.

ಹೇಳಿದರು. ನಾಲ್ಕಕ್ಕೆ ಏಳುವುದು. ಐದಕ್ಕೆ ಮಾರ್ಕೆಟ್ಟು. ಹೂವು ಇಳಿಸಿಕೊಂಡು, ಮೊಳ ಹಾಕುತ್ತಾ ಒಂದು ಗಂಟೆ ತನಕ ಕೂತ ಜಾಗದಲ್ಲೇ. ಮಧ್ಯೆ ಒಂದು ಲೋಟ ಟೀ. ನೀರು? "ನೀರ್ ಕುಡಿಯಕಿಲ್ಲ ಕಣವ್ವ." ಯಾಕೆ? ಸ್ವಲ್ಪ ಹೊತ್ತು ಸುಮ್ಮನಿದ್ದರು. ಬಾಗಿಲ ಕಡೆ ನೋಡಿದರು. ಆಮೇಲೆ ದನಿ ತಗ್ಗಿಸಿ, "ಅಂಗಡಿ ಬುಟ್ಟು ಎಲ್ಲಿಗೆ ಹೋಗ್ಲವ್ವ? ಆ ಮಾತ್ರೆ ತಗಂಡ್ರೆ ಗಳಿಗೆಗೊಂದ್ ಸಲ ಎದ್ದೋಗಬೇಕು. ಮಾರ್ಕೆಟ್ಟಲ್ಲಿ ಹೆಂಗಸ್ರು ಹೋಗೋ ಅಂಥ ಜಾಗ ಐತಾ?" ಅಂದರು.

ಸರಿ, ಅದು ನೀರಿನ ಮಾತ್ರೆ, ಮಿಕ್ಕ ಎರಡು ತಗೋಬಹುದಿತ್ತಲ್ವಾ ಅಂದೆ.

"ಮೂರೂ ಬಿಳೀದು. ಯಾವ್ದು ಓಡಿಸ್ತದೆ ಅಂತ ನಂಗೇನ್ ಗೊತ್ತು? ಅದ್ಕೆ ವ್ಯಾಪಾರದ ದಿನ ಯಾವ್ದೂ ತಗಳಕಿಲ್ಲ."

ಈ ಒಂದು ಮಾತಿನಲ್ಲಿ ಇಡೀ ಫೈಲಿಗೆ ಉತ್ತರ ಇತ್ತು. ಮಾತ್ರೆ ತಗೊಳ್ಳುತ್ತಿದ್ದದ್ದು ರಜೆಯ ದಿನ ಮತ್ತು ಆಸ್ಪತ್ರೆಗೆ ಬರುವ ದಿನ. ಆಮ್ಲೋಡಿಪಿನ್ ಅಂದು ನುಂಗಿದರೆ ಅಂದೇ ಬಿಪಿ ಇಳಿಸುವ ಮಾತ್ರೆಯಲ್ಲ. ದಿನಾ ತಗೊಂಡು ಒಂದು ವಾರವಾದರೂ ಆಗಬೇಕು, ಆಗ ಅದರ ಪೂರ್ತಿ ಕೆಲಸ ಕಾಣುತ್ತದೆ. ಹಾಗಾಗಿ "ಇವತ್ತು ಮಾತ್ರೆ ತಗೊಂಡಿದ್ದೀರಾ?" ಎಂಬ ಪ್ರಶ್ನೆಗೆ ಹೌದು ಎಂಬ ಉತ್ತರ ನಿಜ, ಏರಿದ ಬಿಪಿಯೂ ನಿಜ. ಡಾಕ್ಟರು ಇನ್ನೊಂದು ಮಾತ್ರೆ ಬರೆದದ್ದರಲ್ಲಿ ಆಶ್ಚರ್ಯ ಏನಿದೆ?

ಇನ್ನು ಪಾದದ ಊತ. ಆಮ್ಲೋಡಿಪಿನ್ ಸಣ್ಣ ರಕ್ತನಾಳಗಳನ್ನು ಅಗಲ ಮಾಡುತ್ತದೆ. ಆಗ ಅವುಗಳ ಮುಂದಿನ ಕೂದಲೆಳೆಯಂಥ ನಾಳಗಳಲ್ಲಿ ಒತ್ತಡ ಏರಿ, ದ್ರವ ಪಾದದ ಕಡೆ ಜಿನುಗಿ ನಿಲ್ಲುತ್ತದೆ. ಡೋಸ್ ಜಾಸ್ತಿಯಾದಷ್ಟೂ ಊತ ಜಾಸ್ತಿ, ಕಾಲು ಇಳಿಬಿಟ್ಟು ಕೂರುವವರಿಗೆ ಇನ್ನೂ ಜಾಸ್ತಿ. ಇದು ಮೈಯಲ್ಲಿ ನೀರು ಹೆಚ್ಚಾಗಿ ಬಂದ ಊತವಲ್ಲ, ಆದ್ದರಿಂದ ನೀರಿನ ಮಾತ್ರೆಗೆ ಅಷ್ಟಾಗಿ ಬಗ್ಗುವುದಿಲ್ಲ. ಫ್ಯೂರೋಸೆಮೈಡ್ ನುಂಗಿದ ಒಂದು ಗಂಟೆಯೊಳಗೆ ಮೂತ್ರ ಶುರು, ಐದಾರು ಗಂಟೆ ಅದೇ ಕೆಲಸ. ಬೆಳಗಿನ ಜಾವ ತಗೊಂಡರೆ ಸರಿಯಾಗಿ ಅವರ ವ್ಯಾಪಾರದ ಹೊತ್ತು. ಒಂದು ಮಾತ್ರೆಯ ಅಡ್ಡಪರಿಣಾಮಕ್ಕೆ ಇನ್ನೊಂದು ಮಾತ್ರೆ, ಅದು ಕೊಡುವ ಕಾಟಕ್ಕೆ ಎಲ್ಲ ಮಾತ್ರೆಗೂ ಸೊನ್ನೆ.

ನಾನು ಏನನ್ನೂ ನಿಲ್ಲಿಸಿ ಎನ್ನಲಿಲ್ಲ, ಅದು ನನ್ನ ಅಧಿಕಾರವೂ ಅಲ್ಲ. ಅಲ್ಲಿಂದಲೇ ಡಾಕ್ಟರಿಗೆ ಫೋನ್ ಮಾಡಿದೆ. ಅವರು ಗೌರಮ್ಮನನ್ನು ಮತ್ತೆ ಒಳಗೆ ಕರೆದರು. ಮಲಗಿದರೆ ಉಸಿರು ಕಟ್ಟುತ್ತದಾ ಎಂದು ಕೇಳಿದರು, ಇಸಿಜಿ ನೋಡಿದರು, ಮೂತ್ರ, ಕ್ರಿಯಾಟಿನಿನ್, ಪೊಟ್ಯಾಶಿಯಂ ಪರೀಕ್ಷೆ ಮಾಡಿಸಿದರು. ಹೃದಯ, ಕಿಡ್ನಿ ಸರಿಯಿತ್ತು. ನೀರಿನ ಮಾತ್ರೆ ತೆಗೆದು, ಆಮ್ಲೋಡಿಪಿನ್ ಮತ್ತೆ 5ಕ್ಕೆ ಇಳಿಸಿ, ಟೆಲ್ಮಿಸಾರ್ಟಾನ್ ಹಾಗೇ ಉಳಿಸಿದರು. ಟೆಲ್ಮಿಸಾರ್ಟಾನ್ ಜೊತೆಗಿದ್ದರೆ ಆ ಊತವೂ ಕಡಿಮೆಯಾಗುತ್ತದೆ.

ನನ್ನ ಪಾಲಿನ ಸಲಹೆ ಚಿಕ್ಕದು. ಎರಡೂ ಮಾತ್ರೆ ರಾತ್ರಿ ಊಟದ ಹೊತ್ತಿಗೆ. ಬಿಪಿ ಮಾತ್ರೆ ಬೆಳಗ್ಗೆಯೇ ತಗೋಬೇಕು ಎಂಬ ನಿಯಮವೇನಿಲ್ಲ. ಬ್ರಿಟನ್ನಿನಲ್ಲಿ 21 ಸಾವಿರಕ್ಕೂ ಹೆಚ್ಚು ಜನರ ಮೇಲೆ ಮಾಡಿ 2022ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಬೆಳಗ್ಗೆ ತಗೊಂಡವರಿಗೂ ಸಂಜೆ ತಗೊಂಡವರಿಗೂ ಹೃದಯಾಘಾತ, ಪಾರ್ಶ್ವವಾಯುವಿನಲ್ಲಿ ವ್ಯತ್ಯಾಸ ಕಾಣಲಿಲ್ಲ. ಮಗನಿಗೆ ಹೇಳಿದ್ದು, ಸ್ಟ್ರಿಪ್ ಪೂರ್ತಿ ತಗೊಳ್ಳಿ, ಕತ್ತರಿಸಿದರೂ ಹೆಸರಿರುವ ತುದಿ ನಿಮಗೇ ಬರಲಿ, ಪ್ರತಿ ತಿಂಗಳೂ ಒಂದೇ ಕಂಪನಿಯದ್ದು ಕೇಳಿ. ನೀರು ಧಾರಾಳವಾಗಿ ಕುಡಿಯಿರಿ ಎಂದು ಗೌರಮ್ಮನಿಗೆ ಹೇಳಲು ಬಾಯಿ ಬರಲಿಲ್ಲ. ಮಾರ್ಕೆಟ್ಟಿನಲ್ಲಿ ಶೌಚಾಲಯ ಕಟ್ಟಿಸದೆ ಆ ಸಲಹೆ ಕೊಡುವುದು ಸುಲಭ, ಅಲ್ವಾ? ಮನೆಗೆ ಬಂದ ಮೇಲೆ ಕುಡಿಯಿರಿ ಅಂದೆ.

ಉಪ್ಪಿನ ಮಾತೇ ಎತ್ತಲಿಲ್ಲವಲ್ಲ ಎಂದು ಸಹೋದ್ಯೋಗಿಯೊಬ್ಬರು ಆಕ್ಷೇಪಿಸಿದರು. ದಿನಕ್ಕೆ ಐದು ಗ್ರಾಂ ಒಳಗೆ ಉಪ್ಪು ಎಂಬುದು ನನಗೂ ಗೊತ್ತು. ಬೇಕೆಂದೇ ಅದನ್ನು ಮುಂದಿನ ಭೇಟಿಗೆ ಇಟ್ಟೆ. ಒಂದೇ ದಿನ ಹತ್ತು ಮಾತು ಹೇಳಿದರೆ ಒಂದೂ ಮನೆ ತಲುಪುವುದಿಲ್ಲ. ಇನ್ನೊಂದು ಮಾತನ್ನೂ ಕೇಳಿದ್ದೇನೆ: "ಫಾರ್ಮಸಿಸ್ಟ್‌ಗೆ ಇದೆಲ್ಲ ಯಾಕೆ, ಮಾತ್ರೆ ಕೊಟ್ಟರೆ ಸಾಲದಾ?" ಸಾಲದು. ಮಾತ್ರೆ ಹೇಗೆ ತಗೋಬೇಕು, ಏನು ತೊಂದರೆ ಆಗಬಹುದು, ತಪ್ಪಿದರೆ ಏನು ಮಾಡಬೇಕು ಎಂದು ರೋಗಿಗೆ ತಿಳಿಸುವುದು ನಮ್ಮ ಕೆಲಸ ಎಂದು 2015ರ ಫಾರ್ಮಸಿ ಪ್ರಾಕ್ಟೀಸ್ ನಿಯಮಗಳಲ್ಲೇ ಇದೆ. ಲಾಸ್ ಏಂಜಲೀಸ್‌ನಲ್ಲಿ ಫಾರ್ಮಸಿಸ್ಟ್‌ಗಳು ಕಪ್ಪು ಜನರ ಕ್ಷೌರದಂಗಡಿಗಳಿಗೇ ಹೋಗಿ, ಡಾಕ್ಟರರ ಒಪ್ಪಂದದ ಮೇಲೆ ಅಲ್ಲೇ ಬಿಪಿ ಮಾತ್ರೆ ಬರೆದು, ಡೋಸ್ ಹೊಂದಿಸಿದರು. ಆರು ತಿಂಗಳಲ್ಲಿ ಮೇಲಿನ ಬಿಪಿ ಸರಾಸರಿ 27 ಅಂಕ ಇಳಿಯಿತು. ಬರೀ ಬುದ್ಧಿಮಾತು ಹೇಳಿದ ಅಂಗಡಿಗಳಲ್ಲಿ ಇಳಿದದ್ದು ಒಂಬತ್ತು. 2018ರಲ್ಲಿ ಪ್ರಕಟವಾದ ಲೆಕ್ಕ ಇದು. ನಮಗೆ ಆ ಅಧಿಕಾರ ಇಲ್ಲ. ಆದರೆ ಕವರ್ ಸುರಿದು ಮಾತ್ರೆ ಎಣಿಸಲು ಯಾರ ಅಪ್ಪಣೆ ಬೇಕು?

ಮುಂದಿನ ತಿಂಗಳು ಗೌರಮ್ಮನ ಬಿಪಿ 138/84. ಪಾದದ ಊತ ಇಳಿದಿತ್ತು. ಆಗ ಉಪ್ಪಿನಕಾಯಿ ಮಾತು ತೆಗೆದೆ. ನಕ್ಕರು, ಒಪ್ಪಲಿಲ್ಲ. ಅರ್ಧ ಮಾಡಿ ಅಂದಿದ್ದೇನೆ.

ಇದನ್ನು ಓದಿ ಯಾರೂ ತಮ್ಮ ಮನೆಯವರ ನೀರಿನ ಮಾತ್ರೆ ನಿಲ್ಲಿಸಬೇಡಿ. ಹೃದಯದ ತೊಂದರೆಗೆ, ಕಿಡ್ನಿ ತೊಂದರೆಗೆ ಕೊಟ್ಟಿದ್ದರೆ ಅದು ಬೇಕೇ ಬೇಕು. ಹೊರಗೆ ಹೋಗುವ ದಿನ ಕಷ್ಟವಾಗುತ್ತದೆ ಎಂದು ಡಾಕ್ಟರಿಗೋ ಫಾರ್ಮಸಿಸ್ಟ್‌ಗೋ ಹೇಳಿ. ಎಷ್ಟೋ ಸಲ ಅದನ್ನು ಮನೆಗೆ ವಾಪಸ್ ಬಂದ ಮೇಲಿನ ಹೊತ್ತಿಗೆ ಬದಲಿಸಿಕೊಡಲು ಆಗುತ್ತದೆ.