ಸಾಟಾ ಡ್ರೈವ್‌ಗೆ ಈಗಲೇ ವಿದಾಯ ಬೇಡ

ಸೆಕೆಂಡಿಗೆ 7,000 ಮೆಗಾಬೈಟ್ ಓದುವ ಎನ್‌ವಿಎಂಇ (ಹೊಸ, ವೇಗದ ಜೋಡಣೆಯ) ಡ್ರೈವ್‌ಗಳು ಸಿಗುತ್ತಿರುವಾಗ, 550ರ ಆಸುಪಾಸಿನಲ್ಲೇ ನಿಲ್ಲುವ ಸಾಟಾ (ಹಳೆಯ ಜೋಡಣೆಯ) ಎಸ್‌ಎಸ್‌ಡಿಗಳನ್ನು, ಅಂದರೆ ಫ್ಲ್ಯಾಶ್ ಚಿಪ್‌ನಲ್ಲಿ ಮಾಹಿತಿ ಇಡುವ ಡ್ರೈವ್‌ಗಳನ್ನು, ಕಂಪನಿಗಳು ಇನ್ನೂ ಏಕೆ ತಯಾರಿಸಬೇಕು ಎಂದು ಕೇಳಿದ್ದೀರಿ. ತಯಾರಿಸಲೇಬೇಕು ಎನ್ನುತ್ತೇನೆ.

ನನ್ನ ಮನೆಯಲ್ಲಿರುವುದು 2012ರ ಲ್ಯಾಪ್‌ಟಾಪ್. ಈಗಿನ ಪುಟ್ಟ, ಚಪ್ಪಟೆ ಡ್ರೈವ್‌ಗಳನ್ನು ಸಿಕ್ಕಿಸುವ ಎಂ.2 ಕಿಂಡಿಯೇ ಅದರಲ್ಲಿ ಇಲ್ಲ. ಹಳೆಯ ಹಾರ್ಡ್‌ಡಿಸ್ಕ್ ತೆಗೆದು ಅಗ್ಗದ ಸಾಟಾ ಎಸ್‌ಎಸ್‌ಡಿ ಕೂರಿಸಿದ ಮೇಲೆ, ಗುಜರಿಗೆ ಹೋಗಬೇಕಿದ್ದ ಯಂತ್ರ ಮಕ್ಕಳ ಓದಿಗೆ ಒದಗಿತು. ಕಾರಣ ಸರಳ. ತಿರುಗುವ ತಟ್ಟೆಯ ಮೇಲೆ ಒಂದು ಮಾಹಿತಿಯನ್ನು ಹುಡುಕಲು ಸುಮಾರು 10 ಮಿಲಿಸೆಕೆಂಡ್ ಬೇಕು. ಫ್ಲ್ಯಾಶ್ ಚಿಪ್‌ಗೆ ಅದರ ನೂರರಲ್ಲೊಂದು ಪಾಲು ಸಾಕು. ಈ ಲಾಭ ಬರುವುದು ಚಿಪ್‌ನಿಂದ, ತಂತಿಯ ವೇಗದಿಂದಲ್ಲ. ಸಾಟಾದಿಂದ ಎನ್‌ವಿಎಂಇಗೆ ಜಿಗಿದರೆ ದಿನನಿತ್ಯದ ಕೆಲಸದಲ್ಲಿ ಅಷ್ಟು ದೊಡ್ಡ ವ್ಯತ್ಯಾಸ ಕಾಣುವುದಿಲ್ಲ. ದೊಡ್ಡ ವಿಡಿಯೊ ಕಡತಗಳನ್ನು ಸಂಕಲಿಸುವವರ ಮಾತು ಬೇರೆ.

ಸಾಟಾ ಹಳತಾಯಿತು ಎಂಬ ನಿಮ್ಮ ವಾದದಲ್ಲೂ ಹುರುಳಿದೆ. ಸಾಟಾ ಡ್ರೈವ್‌ಗಳು ಬಳಸುವ ಎಎಚ್‌ಸಿಐ (ಕಂಪ್ಯೂಟರ್ ಡ್ರೈವ್‌ಗೆ ಆದೇಶ ಕೊಡುವ ನಿಯಮಾವಳಿ) ತಿರುಗುವ ಡಿಸ್ಕ್‌ಗಳ ಕಾಲದ್ದು: ಕಾಯುವ ಆದೇಶಗಳಿಗೆ ಒಂದೇ ಸಾಲು, ಅದರಲ್ಲಿ 32 ಆದೇಶ. 2011ರಲ್ಲಿ ಬಂದ ಎನ್‌ವಿಎಂಇ 64 ಸಾವಿರ ಸಾಲುಗಳವರೆಗೆ ಅವಕಾಶ ಕೊಡುತ್ತದೆ. ಹಳೆಯ ಮೂಟೆಯನ್ನು ಹೊಸ ವಿನ್ಯಾಸದ ಬೆನ್ನಿಗೆ ಕಟ್ಟಿ ಎಂದು ನಾನೂ ಹೇಳುವುದಿಲ್ಲ. ಈಗಾಗಲೇ ಪಳಗಿದ ಸಾಟಾ ವಿನ್ಯಾಸವನ್ನೇ ಇನ್ನಷ್ಟು ವರ್ಷ ತಯಾರಿಸುತ್ತಿರಲಿ, ಅಷ್ಟೇ.

ಅಂದ ಹಾಗೆ, ಹೊಸ ಡ್ರೈವ್ ಕೊಳ್ಳುವ ಮುನ್ನ ನಿಮ್ಮ ಯಂತ್ರದ ಕೈಪಿಡಿ ನೋಡಿ. ಎಂ.2 ಎಂಬುದು ಆಕಾರದ ಹೆಸರು ಮಾತ್ರ. ಕೆಲವು ಕಿಂಡಿಗಳು ಸಾಟಾವನ್ನಷ್ಟೇ ಒಪ್ಪುತ್ತವೆ.