ಕುಸಿದ ಆಟಗಾರನಿಗೆ ಸೋಡಾ ಬೇಡ

ವಿರಾಜಪೇಟೆ ಕಡೆಯ ಓದುಗರೊಬ್ಬರು ಬರೆದಿದ್ದಾರೆ: ಊರಿನ ವಾಲಿಬಾಲ್ ಪಂದ್ಯದಲ್ಲಿ ಇಪ್ಪತ್ತರ ಹರೆಯದ ಹುಡುಗನೊಬ್ಬ ಯಾರೂ ತಾಗದೆ ಕುಸಿದ. ಕೈಕಾಲು ಅದುರಿತು. ಫಿಟ್ಸ್ ಎಂದುಕೊಂಡು ಕೈಗೆ ಬೈಕಿನ ಕೀ ಹಿಡಿಸಿದರು, ಮುಖಕ್ಕೆ ಸೋಡಾ ಚಿಮುಕಿಸಿದರು, ಆಮೇಲೆ ಜೀಪಿಗೆ ಹಾಕಿಕೊಂಡು ಓಡಿದರು. ಆಸ್ಪತ್ರೆ ಮುಟ್ಟುವಾಗ ಎಲ್ಲ ಮುಗಿದಿತ್ತು. “ಕೊಡವ ಕುಟುಂಬಗಳ ಹಾಕಿ ಹಬ್ಬವೂ ಸೇರಿ ಕೊಡಗು ಜಿಲ್ಲೆಯ ಎಲ್ಲ ಪಂದ್ಯಗಳಿಗೂ ಇಸಿಜಿ ಸರ್ಟಿಫಿಕೇಟ್ ಕಡ್ಡಾಯ ಮಾಡಿ, ಗೇಟಿನ ಹೊರಗೆ ಆಂಬುಲೆನ್ಸ್ ನಿಲ್ಲಿಸಿದರೆ ಸಾಲದೇ?” ಎಂದು ಕೇಳಿದ್ದಾರೆ.

ಸಾಲದು. ಪತ್ರ ಓದುವಾಗ ನನ್ನನ್ನು ಚುಚ್ಚಿದ್ದು ಆ ಬೈಕಿನ ಕೀ. ಆಡುತ್ತಿದ್ದವನು ಏಕಾಏಕಿ ಬಿದ್ದು, ಕೂಗಿದರೂ ಓಗೊಡದಿದ್ದರೆ ಹೃದಯವೇ ನಿಂತಿದೆ ಎಂದು ಹಿಡಿಯಬೇಕು. ಮಿದುಳಿಗೆ ರಕ್ತ ಹೋಗದಿದ್ದಾಗ ಕೈಕಾಲು ಕೊಂಚ ಹೊತ್ತು ಅದುರುವುದುಂಟು. ದಡಕ್ಕೆ ಬಿದ್ದ ಮೀನಿನ ಹಾಗೆ ಬಾಯಿ ತೆರೆದು ಆಗೊಮ್ಮೆ ಈಗೊಮ್ಮೆ ಉಸಿರೆಳೆಯುವುದೂ ಉಂಟು. ಅದನ್ನು ಕಂಡು ‘ಉಸಿರಿದೆಯಲ್ಲ’ ಎಂದು ಕೈಕಟ್ಟಿ ನಿಂತರೆ ಹುಡುಗ ಕೈತಪ್ಪಿದ ಹಾಗೆಯೇ. ಒಬ್ಬರು 108ಕ್ಕೆ ಕರೆ ಮಾಡಲಿ. ಇನ್ನೊಬ್ಬರು ಮಂಡಿಯೂರಿ, ಎದೆಯ ನಟ್ಟನಡುವೆ ಅಂಗೈ ಇಟ್ಟು, ಮೊಣಕೈ ಮಡಿಸದೆ, ಐದಾರು ಸೆಂಟಿಮೀಟರ್ ಇಳಿಯುವಂತೆ ನಿಮಿಷಕ್ಕೆ 100ರಿಂದ 120 ಸಲ ಒತ್ತುತ್ತಿರಲಿ. ಪ್ರತಿ ಸಲ ಎದೆ ಪೂರ್ತಿ ಮೇಲೇಳಬೇಕು. ಎರಡು ನಿಮಿಷಕ್ಕೊಮ್ಮೆ ಆಳು ಬದಲಾಗಬೇಕು. ಎಂಥ ಗಟ್ಟಿಗನ ತೋಳೂ ಸೋಲುತ್ತದೆ. ಪಕ್ಕೆಲುಬು ಮುರಿದೀತೆಂಬ ಅಂಜಿಕೆ ಬೇಡ, ಮುರಿದ ಮೂಳೆ ಕೂಡುತ್ತದೆ.

ಲಯ ತಪ್ಪಿ ನಡುಗುತ್ತಿರುವ ಹೃದಯವನ್ನು ದಾರಿಗೆ ತರುವುದು ಮಾತ್ರ ಎಇಡಿ ಯಂತ್ರದ, ಅಂದರೆ ಎದೆಗೆ ಪ್ಯಾಡ್ ಅಂಟಿಸಿ ವಿದ್ಯುತ್ ಹಾಯಿಸುವ ಸಣ್ಣ ಪೆಟ್ಟಿಗೆಯ ಶಾಕ್. ಎದೆ ಒತ್ತುವವರೂ ಇಲ್ಲದೆ ಶಾಕ್ ತಡವಾದರೆ ನಿಮಿಷಕ್ಕೆ ಶೇ 7ರಿಂದ 10ರಷ್ಟು ಬದುಕುವ ಸಾಧ್ಯತೆ ಇಳಿಯುತ್ತದೆ. ಮಡಿಕೇರಿಯಿಂದ ಮೈಸೂರಿನ ದೊಡ್ಡ ಆಸ್ಪತ್ರೆಗಳಿಗೆ ಸುಮಾರು 120 ಕಿಲೋಮೀಟರ್. ಕೆಸರುಗದ್ದೆ ಓಟದ ದಿನ, ಜಡಿಮಳೆಯಲ್ಲಿ, ಮೊಬೈಲ್ ಸಿಗ್ನಲ್ ಇಲ್ಲದ ಊರಲ್ಲಿ ಕುಳಿತು ಈ ಲೆಕ್ಕ ಹಾಕಿ. 2021ರ ಜೂನ್ 12ರಂದು ಕೋಪನ್‌ಹೇಗನ್‌ನಲ್ಲಿ ಡೆನ್ಮಾರ್ಕ್‌ನ ಫುಟ್‌ಬಾಲ್ ಆಟಗಾರ ಕ್ರಿಸ್ಟಿಯನ್ ಎರಿಕ್ಸನ್ ಪಂದ್ಯದ ನಡುವೆ ಬಿದ್ದಾಗ ಹುಲ್ಲಿನ ಮೇಲೇ ಎದೆ ಒತ್ತಿ ಶಾಕ್ ಕೊಟ್ಟರು. ಮರುವರ್ಷ ಆತ ಮತ್ತೆ ಬೂಟು ಕಟ್ಟಿದ.

ಇಸಿಜಿ ದಂಡ ಎನ್ನುತ್ತಿಲ್ಲ. ಕಾನೂನು ಮಾಡಿ 1982ರಿಂದ ಅದನ್ನು ಜಾರಿಗೆ ತಂದ ಇಟಲಿಯ ವೆನೆಟೊ ಪ್ರಾಂತ್ಯದಲ್ಲಿ ಯುವ ಕ್ರೀಡಾಪಟುಗಳ ಹಠಾತ್ ಸಾವು ಶೇ 89ರಷ್ಟು ಇಳಿಯಿತು. ಆದರೆ ಹುಟ್ಟಿನಿಂದಲೇ ತಪ್ಪು ಜಾಗದಲ್ಲಿ ಹೊರಟ ರಕ್ತನಾಳ ಇಸಿಜಿಯಲ್ಲಿ ಕಾಣುವುದು ಕಷ್ಟ. ಚೆಂಡು ಎದೆಗೆ ಬಡಿದು ಹೃದಯ ನಿಂತರೆ ಯಾವ ಸರ್ಟಿಫಿಕೇಟೂ ಅಡ್ಡ ಬಾರದು. ನಮ್ಮ ಹಾಕಿ ಹಬ್ಬದಲ್ಲಿ ಶಾಲೆ ಹುಡುಗಿಯೂ ಅರವತ್ತರ ಅಜ್ಜನೂ ಒಂದೇ ತಂಡ. ಮೂವತ್ತೈದು ದಾಟಿದವರು ಹೀಗೆ ಬೀಳಲು ಮುಖ್ಯ ಕಾರಣ ಹೃದಯದ ರಕ್ತನಾಳದ ಬ್ಲಾಕ್. ಮಲಗಿಸಿ ತೆಗೆದ ಇಸಿಜಿ ನೆಟ್ಟಗಿದ್ದೂ ಒಳಗೆ ಬ್ಲಾಕ್ ಇರಬಹುದು.

ಹಾಗೆ ನೋಡಿದರೆ ಕೊಡಗಿಗೆ ಬೇರೆಲ್ಲೂ ಇಲ್ಲದ ಅನುಕೂಲವೊಂದಿದೆ. 1997ರಲ್ಲಿ ಕರಡದಲ್ಲಿ 60 ಕುಟುಂಬಗಳಿಂದ ಶುರುವಾಗಿ 2024ರಲ್ಲಿ ನಾಪೋಕ್ಲುವಿನಲ್ಲಿ 360 ತಂಡ ಮುಟ್ಟಿದ ಈ ಹಬ್ಬದಲ್ಲಿ ತಂಡವೆಂದರೆ ಒಕ್ಕ, ಅಂದರೆ ರಕ್ತಸಂಬಂಧ. ಹೃದಯಸ್ನಾಯು ದಪ್ಪಗಾಗುವ ಕಾಯಿಲೆ ಬರುವುದೂ ಹೆಚ್ಚಾಗಿ ವಂಶದಲ್ಲೇ. ಹಾಗೆ ವಂಶದಲ್ಲಿ ಬಂದದ್ದು ತಂದೆಗೋ ತಾಯಿಗೋ ಇದ್ದರೆ ಆ ದೋಷ ಮಗುವಿಗೆ ದಾಟುವ ಸಾಧ್ಯತೆ ಅರ್ಧಕ್ಕರ್ಧ. ಯಾವ ದೊಡ್ಡಪ್ಪ ಮೂವತ್ತಕ್ಕೇ ತೋಟದಲ್ಲಿ ಬಿದ್ದು ಹೋದರು, ಯಾವ ಹುಡುಗ ಓಡುವಾಗ ತಲೆಸುತ್ತಿ ಬಿದ್ದಿದ್ದ ಎಂಬುದು ಐನ್‌ಮನೆಯ, ಅಂದರೆ ಒಕ್ಕದ ಮೂಲಮನೆಯ ಹಿರಿಯರಿಗೆ ಬಾಯಿಪಾಠ. ತಂಡದ ಪಟ್ಟಿ ಬರೆಯುವ ದಿನ ಅದನ್ನೊಮ್ಮೆ ಕೇಳಿ, ತಾಮನೆ, ಅಂದರೆ ತಾಯಿಯ ತವರಿನ ಕಡೆಯದನ್ನೂ ಬಿಡಬೇಡಿ. ಅಂಥ ಮನೆಯವರನ್ನು ಎಕೋ ಪರೀಕ್ಷೆಗೆ, ಅಂದರೆ ಹೃದಯದ ಸ್ಕ್ಯಾನಿಂಗ್‌ಗೆ ಕಳಿಸಿ. ಸಂಕೋಚ ಬೇಡ.

ಆಂಬುಲೆನ್ಸ್ ಇರಲಿ, ಆದರೆ ಗೇಟಿನ ಹೊರಗೆ ಕಾರುಗಳ ಹಿಂದೆ ಸಿಕ್ಕಿಕೊಳ್ಳದೆ ಮೈದಾನದ ಅಂಚಿಗಿರಲಿ. ಅದರೊಳಗೆ ಎಇಡಿ ಉಂಟೇ, ಬಾಗಿಲು ತೆಗೆದು ನೋಡಿ. ಎದೆ ಒತ್ತುವ ತರಬೇತಿ ಮೊದಲು ಅಂಪೈರ್‌ಗಳಿಗೆ ಆಗಲಿ, ಬಿದ್ದವನ ಹತ್ತಿರ ಇರುವವರು ಅವರೇ. ಯಂತ್ರಕ್ಕೆ ಲಕ್ಷದ ಆಸುಪಾಸು ಬಿದ್ದೀತು. ಈ ವರ್ಷ ಹಬ್ಬ ನಡೆಸುವ ಕುಟುಂಬ ಕೊಂಡು ಮುಂದಿನವರಿಗೆ ದಾಟಿಸಬಹುದು. ಹೇಗೆ ಬಳಸಬೇಕೆಂದು ಯಂತ್ರವೇ ಮಾತಾಡಿ ಹೇಳುತ್ತದೆ, ಬೇಡದವರಿಗೆ ಶಾಕ್ ಕೊಡುವುದಿಲ್ಲ. ಬೆವರಿದ ಎದೆ ಒರೆಸಲು ಒಂದು ಟವೆಲ್ ಜೊತೆಗಿಡಿ. ಪ್ಯಾಡಿಗೂ ಬ್ಯಾಟರಿಗೂ ಎಕ್ಸ್‌ಪೈರಿ ಇರುತ್ತದೆ, ನೋಡಿಕೊಳ್ಳಿ. ಮತ್ತೆ, ಕಮಿಟಿಯವರು ಅದನ್ನು ಬೀರುವಿಗೆ ಹಾಕಿ ಬೀಗ ಜಡಿಯದಿರಲಿ.

— ಸಂ.